ದೆವ್ವಾನಾ, ಮಾಮೂಲಿನಾ?

ಮಕ್ಕಳೇ, ಇದನ್ನು ನೀವು ದೊಡ್ಡವರಾದ ಮೇಲೆ ಓದಲೆಂದು ಬರೆಯುತ್ತಿದ್ದೇನೆ. ಈಗಲೇ ಕೈಗೆ ಸಿಕ್ಕಿದರೂ ಗಾಬರಿಯಿಲ್ಲ, ನಾನು ಓದಿದ ಕಥೆಗಳ ಮುತ್ತಿಡುವ ಪುಟಗಳನ್ನು ಇಲ್ಲಿಗೆ ತಂದಿಲ್ಲ.

ನಿಮಗೆ ಇಬ್ಬರು ಅಜ್ಜಿಯರು. ಬಸವೇಶ್ವರನಗರದ ಅಜ್ಜಿ ನಿಮ್ಮ ಅಪ್ಪನ ತಾಯಿ, ನೀವು ಇರುವುದು ಅವರ ಮನೆಯಲ್ಲೇ. ವಿಜಯನಗರದ ಅಜ್ಜಿ ನಾನು, ನಿಮ್ಮ ಅಮ್ಮನ ತಾಯಿ. ಅಲ್ಲಿನ ಮಾರೇನಹಳ್ಳಿಯಲ್ಲಿ ನನ್ನ ತಮ್ಮನ ಮನೆಯ ಮೇಲೆ ಒಂದು ರೂಮು, ಒಂದು ಅಡಿಗೆಮನೆ, ಮುಂದೆ ತಾರಸಿ, ಇಷ್ಟು ನನ್ನ ರಾಜ್ಯ. ಆ ಅಜ್ಜಿ ಸ್ಕೂಲಿನಲ್ಲಿ ಪಾಠ ಹೇಳಿ, ಹೆಡ್‌ಮಿಸ್ ಆಗಿ ರಿಟೈರ್ ಆದವರು. ನಾನು ಏಳನೇ ಕ್ಲಾಸಿಗೆ ನಿಂತವಳು. ಎಂಟನೆಯದಕ್ಕೆ ಹೊಳೆ ದಾಟಿ ಪಕ್ಕದೂರಿಗೆ ಹೋಗಬೇಕಿತ್ತು, ಕಳಿಸಲಿಲ್ಲ. ಅವರು ಮಾತಾಡಿದರೆ ಬೀದಿಯ ಆ ತುದಿಗೆ ಕೇಳುತ್ತದೆ. ನಾನು ಮಾತಾಡಿದರೆ ಪಕ್ಕದಲ್ಲಿ ಕೂತವರೇ "ಏನಂದ್ರಿ?" ಎನ್ನುತ್ತಾರೆ. ಇಬ್ಬರಿಗೂ ಯಜಮಾನರಿಲ್ಲ ಎಂಬುದೊಂದು ಬಿಟ್ಟರೆ ನಮ್ಮಲ್ಲಿ ಹೋಲಿಕೆಯೇ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ.

ನಿಮ್ಮ ತಾತ ಹೋದ ಮೇಲೆ ನನಗೆ ಮಧ್ಯಾಹ್ನಗಳು ಕಷ್ಟವಾದವು. ಬೆಳಿಗ್ಗೆ ಹೇಗೋ ಕಳೆಯುತ್ತಿತ್ತು. ಸಂಜೆ ಕೆಳಗೆ ತಮ್ಮನ ಮನೆಯವರ ಗಲಾಟೆ ಇರುತ್ತಿತ್ತು. ಊಟವಾದ ಮೇಲಿನ ಎರಡರಿಂದ ಐದು ಮಾತ್ರ ಶಾವಿಗೆ ಒರಳಿನಿಂದ ಇಳಿಯುವ ಎಳೆಯ ಹಾಗೆ, ಮುಗಿಯಿತು ಎನ್ನುವಾಗ ಇನ್ನೂ ಇಳಿಯುತ್ತಿತ್ತು. ಹೀಗಿರುವಾಗ ಒಂದು ದಿನ ಮಾರ್ಕೆಟ್ಟಿನಿಂದ ಸೊಪ್ಪು ತರುವ ದಾರಿಯಲ್ಲಿ ಟೈಲರ್ ಅಂಗಡಿಯೊಂದರ ಪಕ್ಕ ಕೆಳಕ್ಕಿಳಿಯುವ ಮೆಟ್ಟಿಲು ಕಂಡಿತು. ಗೋಡೆಯ ಮೇಲೆ ಸರ್ಕ್ಯುಲೇಟಿಂಗ್ ಲೈಬ್ರರಿ ಎಂದು ಬರೆದಿತ್ತು. ಮೊದಲ ದಿನ ಮೇಲಿನಿಂದಲೇ ನೋಡಿ ಬಂದೆ. ಎರಡನೇ ದಿನ ಎರಡು ಮೆಟ್ಟಿಲು ಇಳಿದು ಹತ್ತಿಬಿಟ್ಟೆ. ಮೂರನೇ ದಿನ ನಾಲ್ಕು ಹನಿ ಬಿತ್ತು. ಮಳೆಗೆ ನಿಂತೆ ಎಂದು ಹೇಳಿಕೊಳ್ಳಬಹುದಲ್ಲ, ಇಳಿದೇಬಿಟ್ಟೆ.

ಒಳಗೆ ಮಂಕಿ ಕ್ಯಾಪ್ ಹಾಕಿಕೊಂಡ ಮುದುಕರೊಬ್ಬರು ಕೂತಿದ್ದರು. ಲೈಬ್ರರಿ ಅವರದೇ. ನನ್ನನ್ನು ಒಮ್ಮೆ ನೋಡಿ, ಹೋಟೆಲಿನವರು ಇಡ್ಲಿಯೋ ದೋಸೆಯೋ ಎಂದು ಕೇಳುವ ಹಾಗೆ ಕೇಳಿದರು, "ದೆವ್ವಾನಾ, ಮಾಮೂಲಿನಾ?"

ನನಗೆ ಅರ್ಥವಾಗಲಿಲ್ಲ. ಅವರು ಎರಡು ಗೋಡೆಗಳನ್ನು ತೋರಿಸಿದರು. "ಈ ಕಡೆ ಲವ್ವು. ಆ ಕಡೆ ಲವ್ವೇ, ಆದ್ರೆ ದೆವ್ವ, ಹಾವು, ಪುನರ್ಜನ್ಮ ಎಲ್ಲ ಬರುತ್ತೆ. ನಾನು ಒಂದೂ ಓದಿಲ್ಲಮ್ಮ. ಕವರ್ ನೋಡಿ ಜೋಡಿಸ್ತೀನಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡ್ತಾ ಇದ್ರೆ ಮಾಮೂಲಿ. ಹುಡುಗಿ ಒಬ್ಬಳೇ ಹಿಂದಕ್ಕೆ ತಿರುಗಿ ನೋಡ್ತಾ ಇದ್ರೆ ದೆವ್ವ."

ಲವ್ವು ಎಂಬ ಪದ ಕಿವಿಗೆ ಬಿದ್ದದ್ದಕ್ಕೇ ನನ್ನ ಮುಖ ಬಿಸಿಯಾಯಿತು. ಬಾಯಿ ಬಿಟ್ಟು ಕೇಳಲಾಗದೆ ಒಂದು ಪುಸ್ತಕದ ಕಡೆ ಬೆರಳು ತೋರಿಸಿದೆ. ಅದು ಮಾಮೂಲಿ.

ಎರಡು ಮಧ್ಯಾಹ್ನಗಳಲ್ಲಿ ಮುಗಿಸಿದೆ. ಇವತ್ತಿನ ಕಾಲದ ಹುಡುಗಿ, ಆಫೀಸಿನ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಒಳಗೆ ಅವಳ ಬಾಸೂ ಇರುತ್ತಾನೆ. ಲಿಫ್ಟು ಸರಿಹೋಗುವಷ್ಟರಲ್ಲಿ ನನ್ನ ಸಾರು ಸೀದುಹೋಗಿತ್ತು. ಆಮೇಲೆ ಬಿಡಲಿಲ್ಲ ನೋಡಿ. ವಾರಕ್ಕೆ ಎರಡು, ಮೂರು. ಆ ಹುಡುಗರೆಲ್ಲ ಎತ್ತರ, ಎಲ್ಲರೂ ಸಿಡುಕರು, ಒಬ್ಬನಿಗೂ ಬೋಳುತಲೆಯಿಲ್ಲ. ಮೊದಲ ನೂರು ಪುಟ ಹುಡುಗಿಯನ್ನು ಗದರುತ್ತಾರೆ, ಅವಳಿಗೆ ಜ್ವರ ಬಂದ ಕೂಡಲೇ ಕರಗುತ್ತಾರೆ. ಕೊನೆಗೆ ಏನಾಗುತ್ತದೆಂದು ಮೊದಲೇ ಗೊತ್ತಿರುತ್ತದೆ, ಆದರೂ ಎದೆ ಡವಡವ ಎನ್ನುತ್ತದೆ. ಹಬ್ಬಕ್ಕೆ ಒಬ್ಬಟ್ಟೇ ಮಾಡುವುದೆಂದು ಗೊತ್ತಿದ್ದರೂ ವಾಸನೆ ಬಂದಾಗ ಬಾಯಲ್ಲಿ ನೀರೂರುವುದಿಲ್ಲವೇ, ಹಾಗೆ.

ದೆವ್ವದ ಗೋಡೆಯ ಕಡೆ ತಿರುಗಲು ಎರಡು ತಿಂಗಳು ಬೇಕಾಯಿತು. ತಿರುಗಿದ ಮೇಲೆ ಅದೇ ಹೆಚ್ಚು ಹಿಡಿಸಿತು. ದೆವ್ವದ ನಾಯಕ ಊಟ ಕೇಳುವುದಿಲ್ಲ, ಅವನ ಬಟ್ಟೆ ಒಗೆಯಬೇಕಾಗಿಲ್ಲ, ಹೆಂಡತಿ ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಾನೆ. ಒಂದು ಕಥೆಯಲ್ಲಿ ಸತ್ತ ಗಂಡ ಕಿಟಕಿಯ ಪರದೆಯ ಹಿಂದೆ ಬಂದು ನಿಂತು, ನಿನ್ನನ್ನು ಬಿಟ್ಟಿರಲಾರೆ ಎನ್ನುತ್ತಾನೆ. ನಾನು ಪುಸ್ತಕ ಮಡಿಲಲ್ಲಿಟ್ಟು ಯೋಚಿಸಿದೆ. ನಿಮ್ಮ ತಾತ ಹಾಗೆ ಬಂದರೆ ಏನು ಹೇಳುತ್ತಾರೆಂದು ನನಗೆ ಗೊತ್ತು. "ನನ್ನ ಕನ್ನಡಕ ಎಲ್ಲಿಟ್ಟೆ?" ಎನ್ನುತ್ತಾರೆ. ಹಣೆಯ ಮೇಲೇ ಇದೆಯಲ್ಲ ಎನ್ನಬೇಕು ನಾನು. ಅವತ್ತು ಮುಂದಕ್ಕೆ ಓದಲಿಲ್ಲ, ಸುಮ್ಮನೆ ತಾರಸಿಯಲ್ಲಿ ಕೂತಿದ್ದೆ.

ಓದದಿರುವಾಗ ಪುಸ್ತಕ ಅಕ್ಕಿಡಬ್ಬದೊಳಗೆ ಇರುತ್ತಿತ್ತು. ಅದಕ್ಕೆ ಕೈ ಹಾಕುವವಳು ನಾನೊಬ್ಬಳೇ.

ಇನ್ನು ಹದಿನೈದನೇ ಪುಟದ ವಿಷಯ ಹೇಳಬೇಕು. ಇಂಥ ಕಥೆಗಳನ್ನು ವರ್ಷಗಟ್ಟಲೆ ಓದಿದರೆ ಯಾವುದು ಓದಿದ್ದು, ಯಾವುದು ಓದಿಲ್ಲ ಎಂದು ನೆನಪಿರುವುದಿಲ್ಲ. ಹೆಸರೂ ಒಂದೇ ತರಹ, ಕವರೂ ಒಂದೇ ತರಹ. ಮನೆಗೆ ಒಯ್ದು ಅರ್ಧ ಓದಿದ ಮೇಲೆ, ಅಯ್ಯೋ, ಇವಳಿಗೆ ಜ್ವರ ಬರುತ್ತದಲ್ಲವೇ ಎಂದು ಹೊಳೆಯುತ್ತದೆ. ಅದಕ್ಕೇ ಆ ಲೈಬ್ರರಿಗೆ ಬರುವ ಹೆಂಗಸರೆಲ್ಲ ಓದಿ ಮುಗಿಸಿದ ಪುಸ್ತಕದ ಹದಿನೈದನೇ ಪುಟದ ಕೆಳಗೆ ಪೆನ್ಸಿಲಿನಲ್ಲಿ ಒಂದೊಂದು ಗುರುತು ಹಾಕುತ್ತಿದ್ದರು. ಒಬ್ಬರದು ಹೂವು, ಒಬ್ಬರದು ಮೀನು, ಒಬ್ಬರದು ಬರೀ ಒಂದು ಗೀಟು. ಪುಸ್ತಕ ಆರಿಸುವಾಗ ಮೊದಲು ಹದಿನೈದನೇ ಪುಟ ತೆಗೆದು ನೋಡುವುದು, ನಮ್ಮ ಗುರುತಿದ್ದರೆ ಮತ್ತೆ ಗೋಡೆಗೆ ಸೇರಿಸುವುದು. ಯಾವ ಗುರುತು ಯಾರದೆಂದು ಯಾರಿಗೂ ಗೊತ್ತಿಲ್ಲ, ಕೇಳುವುದೂ ಇಲ್ಲ. ನಾನು ಒಲೆಯ ಮೂರು ಗುಂಡಿನ ಹಾಗೆ ಮೂರು ಚುಕ್ಕೆ ಇಡುತ್ತಿದ್ದೆ.

ಆ ಗುರುತುಗಳಲ್ಲಿ ಒಂದು ನಕ್ಷತ್ರವಿತ್ತು. ಕೈ ಎತ್ತದೆ ಒಂದೇ ಗೆರೆಯಲ್ಲಿ ಎಳೆದ ಐದು ಮೂಲೆಯ ನಕ್ಷತ್ರ, ನಡುವೆ ಒಂದು ಚುಕ್ಕೆ. ನಕ್ಷತ್ರವಿದ್ದ ಪುಸ್ತಕವೆಲ್ಲ ಚೆನ್ನಾಗಿಯೇ ಇರುತ್ತಿತ್ತು. ಕೆಲವು ಸಲ ಅದರ ಪಕ್ಕದಲ್ಲಿ ಇಷ್ಟೇ ಇಷ್ಟು ಅಕ್ಷರದಲ್ಲಿ ಒಂದು ಮಾತೂ ಇರುತ್ತಿತ್ತು. ಮೊದಲು ಕಂಡದ್ದು ಇದು: "ನಾಯಕ ಇಡೀ ದಿನ ಕಾರು ಓಡಿಸುತ್ತಾನೆ. ಪೆಟ್ರೋಲು ಯಾರಪ್ಪನದು?"

ನಾನು ಲೈಬ್ರರಿಯಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಕ್ಕು ಮನೆಗೆ ಹೋದೆ. ಆ ಪುಸ್ತಕ ವಾಪಸ್ಸು ಕೊಡುವ ದಿನ, ಮೇಜಿಗೆ ದಾರದಲ್ಲಿ ಕಟ್ಟಿದ್ದ ಪೆನ್ಸಿಲು ಹಿಡಿದು ಬಹಳ ಹೊತ್ತು ನಿಂತು, ಕೆಳಗೆ ಒಂದೇ ಪದ ಬರೆದೆ: "ಮಾವನದು."

ಒಂದು ತಿಂಗಳ ನಂತರ ಗೋಡೆಯಿಂದ ಅದೇ ಪುಸ್ತಕ ಎಳೆದು ನೋಡಿದೆ. ನನ್ನ ಪದದ ಮುಂದೆ "ಭಲೇ" ಎಂದಿತ್ತು.

ನನಗೆ ಯಾರೂ ಭಲೇ ಎಂದದ್ದು ನೆನಪಿಲ್ಲ. ಅವತ್ತಿನಿಂದ ನಮ್ಮ ಪತ್ರವ್ಯವಹಾರ ಶುರುವಾಯಿತು. ಹೆಂಗಸರು ಗುರುತು ನೋಡಲು ಹೇಗೂ ಆ ಪುಟ ತೆಗೆಯುತ್ತಾರಲ್ಲ, ಹಾಗಾಗಿ ಉತ್ತರ ಇವತ್ತಲ್ಲದಿದ್ದರೆ ನಾಳೆ ಸಿಕ್ಕೇ ಸಿಗುತ್ತಿತ್ತು. ಹಾವಿನ ರಾಜಕುಮಾರನನ್ನು ಮದುವೆಯಾಗುವ ಕಥೆಯೊಂದರಲ್ಲಿ ನಾನು ಕೇಳಿದೆ, "ಇವಳು ನಾಗರಪಂಚಮಿಗೆ ತವರಿಗೆ ಹೋಗಬೇಕೋ, ಮನೆಯಲ್ಲೇ ಹಾಲೆರೆಯಬೇಕೋ?" ಉತ್ತರ ಬಂತು, "ಮನೆಯಲ್ಲೇ. ಹಾಲು ಬಿಸಿ ಇರಬಾರದು." ಇನ್ನೊಂದರಲ್ಲಿ ನಕ್ಷತ್ರವೇ ಬರೆದಿತ್ತು, "ಬದುಕಿದ್ದಾಗ ಒಂದು ದಿನವೂ ಹೊತ್ತಿಗೆ ಸರಿಯಾಗಿ ಮನೆಗೆ ಬರದವನು ಸತ್ತ ಮೇಲೆ ಗಡಿಯಾರ ನೋಡಿಕೊಂಡು ಬರುತ್ತಾನೆ."

ಇಷ್ಟು ದಿಟ್ಟವಾಗಿ ಬರೆಯುವವಳು ಕಾಲೇಜಿನ ಹುಡುಗಿಯೇ ಇರಬೇಕೆಂದು ನಾನು ತೀರ್ಮಾನಿಸಿದೆ. ದೊಡ್ಡವಳಾಗಿ ಒಂದು ಮಾತು ಹೇಳಬೇಕೆನ್ನಿಸಿತು. "ಮಗೂ, ನೀನು ಬುದ್ಧಿವಂತೆ. ಆದರೆ ನಾಲಿಗೆ ಇಷ್ಟು ಚೂಪಾಗಿದ್ದರೆ ಗಂಡು ಸಿಗುವುದು ಕಷ್ಟ," ಎಂದು ಬರೆದೆ.

ಅದಕ್ಕೆ ಬಂದ ಉತ್ತರ ನೋಡಿ. "ನೀನು ಮೊದಲು ಪರೀಕ್ಷೆ ಪಾಸು ಮಾಡು. ನಿನ್ನ ಅಕ್ಷರ ಇರುವೆ ನಡೆದ ಹಾಗಿದೆ. ದಿನಾ ಒಂದು ಪುಟ ಕಾಪಿ ಬರೆ."

ನನ್ನ ಅಕ್ಷರ ನೋಡಿ ಅವಳು ನನ್ನನ್ನು ಸ್ಕೂಲು ಹುಡುಗಿ ಎಂದುಕೊಂಡಿದ್ದಳು! ಮೊದಲು ಸಿಟ್ಟು ಬಂತು. ಆಮೇಲೆ, ಅರವತ್ತೇಳು ವರ್ಷದವಳಿಗೆ ಪರೀಕ್ಷೆಗೆ ಓದಿಕೋ ಎಂದು ಯಾರೋ ಹೇಳುತ್ತಿದ್ದಾರಲ್ಲ, ಅದನ್ನು ಯಾಕೆ ತಪ್ಪಿಸಬೇಕು ಎನ್ನಿಸಿತು. ಅಜ್ಜಿ ಎಂದು ಹೇಳಿಕೊಳ್ಳಲಿಲ್ಲ. ಅಂಗಡಿಯಿಂದ ಒಂದು ಕಾಪಿ ಪುಸ್ತಕ ತಂದು ನಿಜವಾಗಿಯೂ ದಿನಾ ಒಂದು ಪುಟ ಬರೆದೆ. ಈಗ ನೀವು ಇದನ್ನು ತಡವರಿಸದೆ ಓದುತ್ತಿದ್ದರೆ ಆ ಬೈಗುಳದ ಪುಣ್ಯ.

ಇಷ್ಟೆಲ್ಲ ಸುಖದ ನಡುವೆ ನನಗೆ ಒಂದೇ ಭಯವಿತ್ತು. ನಿಮ್ಮ ಬಸವೇಶ್ವರನಗರದ ಅಜ್ಜಿ, ನನ್ನ ಬೀಗಿತ್ತಿ, ಅವರಿಗೆ ಇದು ಗೊತ್ತಾಗಬಾರದು. ಗೊತ್ತಾದರೆ ನನಗೇನೂ ಆಗುವುದಿಲ್ಲ, ಮಾತು ಬೀಳುವುದು ನನ್ನ ಮಗಳ ಮೇಲೆ. ನಿಮ್ಮ ಅಮ್ಮ ಅತ್ತೆಗೆ ಎಷ್ಟು ಹೆದರುತ್ತಿದ್ದಳೆಂದು ನಿಮಗೆ ಗೊತ್ತಿಲ್ಲ. ಅವರು ಕೆಟ್ಟವರೆಂದಲ್ಲ, ಒಂದು ದಿನವೂ ಕೆಟ್ಟ ಮಾತಾಡಿದವರಲ್ಲ. ಫ್ರಿಜ್ಜಿನ ಮೇಲೆ ಬೆರಳಾಡಿಸಿ ಬೆರಳನ್ನು ನೋಡಿಕೊಳ್ಳುತ್ತಿದ್ದರು, ಅಷ್ಟೇ. ಸಾರು ಬಾಯಿಗಿಟ್ಟು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು, ಅಷ್ಟೇ. ಅವರು ಕಣ್ಣು ಬಿಡುವವರೆಗೆ ನಿಮ್ಮ ಅಮ್ಮ ಸೌಟು ಹಿಡಿದು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದಳು. ಮದುವೆಯಾಗಿ ಹತ್ತು ವರ್ಷವಾಗಿದ್ದರೂ ಆ ಮನೆಯಲ್ಲಿ ಅವಳು ಅತ್ತೆಯ ಮುಂದೆ ಕುರ್ಚಿಯಲ್ಲಿ ಒರಗಿ ಕೂತದ್ದನ್ನು ನಾನು ನೋಡಿರಲಿಲ್ಲ.

ಒಮ್ಮೆ ಅಲ್ಲಿಗೆ ಊಟಕ್ಕೆ ಹೋಗಿದ್ದೆ. ಟಿವಿಯಲ್ಲಿ ಯಾವುದೋ ದೆವ್ವದ ಧಾರಾವಾಹಿ ಬರುತ್ತಿತ್ತು. ಬೀಗಿತ್ತಿಯವರು ಆಫ್ ಮಾಡಿಸಿದರು.

"ಕಥೆ ಓದೋ ಹೆಂಗಸಿನ ಮನೇಲಿ ಹಾಲು ಉಕ್ಕುತ್ತೆ, ಕಥೆ ನೋಡೋ ಹೆಂಗಸಿನ ಮನೇಲಿ ತಳ ಹತ್ತುತ್ತೆ. ಅಲ್ವಾ ಬೀಗರೇ?"

"ಹೌದು ಹೌದು," ಎಂದೆ ನಾನು. ನನ್ನ ಬ್ಯಾಗಿನಲ್ಲಿ ಬಾಳೆಹೂವಿನ ಕೆಳಗೆ ಒಬ್ಬ ಹುಡುಗಿ ಹಿಂದಕ್ಕೆ ತಿರುಗಿ ನೋಡುತ್ತಾ ಮಲಗಿದ್ದಳು.

ಆ ವಾರ ಲೈಬ್ರರಿಗೆ ಹೊಸದೊಂದು ದೆವ್ವ ಬಂದಿತ್ತು. ಅದರಲ್ಲಿ ಗಂಡ ಹೆಂಡತಿ ಇಬ್ಬರೂ ಬದುಕಿದ್ದಾರೆ, ಸತ್ತಿರುವವಳು ಅತ್ತೆ. ಮಗನೂ ಸೊಸೆಯೂ ಕೈ ಹಿಡಿದರೆ ಸಾಕು, ಎಲ್ಲಿದ್ದರೂ ಬಂದು ನಡುವೆ ನಿಲ್ಲುತ್ತಾಳೆ. ಅಡಿಗೆಮನೆಯ ಡಬ್ಬಗಳನ್ನೆಲ್ಲ ತನಗೆ ಬೇಕಾದ ಹಾಗೆ ಸರಿಸಿಡುತ್ತಾಳೆ. ಓದುತ್ತಿದ್ದರೆ ನನ್ನ ಮಗಳ ಮುಖವೇ ಕಣ್ಣ ಮುಂದೆ. ವಾಪಸ್ಸು ಕೊಡುವಾಗ ಕೈ ತಡೆಯಲಿಲ್ಲ. ಮೂರು ಚುಕ್ಕೆ ಇಟ್ಟು, ನಕ್ಷತ್ರದ ಹುಡುಗಿ ಓದಲಿ ಎಂದು ಪುಟದ ಅಂಚು ತುಂಬುವಷ್ಟು ಬರೆದೆ: "ನಮ್ಮ ಬೀಗಿತ್ತಿ ಸತ್ತ ಮೇಲೆ ಥೇಟ್ ಹೀಗೇ ಬರುತ್ತಾರೆ. ಬಂದವರೇ ಫ್ರಿಜ್ಜಿನ ಮೇಲೆ ಬೆರಳಾಡಿಸುತ್ತಾರೆ. ನನ್ನ ಮಗಳು ಆಗಲೂ ಉಸಿರು ಬಿಗಿಹಿಡಿದು ನಿಂತಿರುತ್ತಾಳೆ."

ಬರೆದು ಮನಸ್ಸು ಹಗುರವಾಯಿತು. ದಾರಿಯಲ್ಲಿ ಎಳನೀರು ಕುಡಿದುಕೊಂಡು ಮನೆಗೆ ಹೋದೆ.

ಮುಂದಿನ ಭಾನುವಾರ ನೀವಿಬ್ಬರೂ ನನ್ನ ಮನೆಗೆ ಬಂದಿದ್ದಿರಿ. ದೊಡ್ಡವಳೇ, ನೀನು ತಾರಸಿಯಲ್ಲಿ ಕೂತು ಕಾಪಿ ಬರೆಯುತ್ತಿದ್ದೆ, ನೆನಪಿದೆಯಾ ಮರಿ? ನಿನಗೆ ಕಾಪಿ ಬರೆಸುವವರು ಆ ಅಜ್ಜಿ. ಮುಖ ಊದಿಸಿಕೊಂಡು ಹಿಂದಿನ ಪುಟ ನನಗೆ ತೋರಿಸಿದೆ. "ನೋಡು ಅಜ್ಜೀ, ಮೊನ್ನೆ ಚೆನ್ನಾಗಿ ಬರೆದಿದ್ದಕ್ಕೆ ಸ್ಟಾರ್ ಕೊಟ್ರು. ನಿನ್ನೇದಕ್ಕೆ ಬೈದು ಬರೆದಿದಾರೆ."

ನೋಡಿದೆ. ಕೈ ಎತ್ತದೆ ಒಂದೇ ಗೆರೆಯಲ್ಲಿ ಎಳೆದ ನಕ್ಷತ್ರ, ನಡುವೆ ಚುಕ್ಕೆ. ಪಕ್ಕದ ಪುಟದಲ್ಲಿ ಕೆಂಪು ಇಂಕಿನಲ್ಲಿ, "ಅಕ್ಷರ ಇರುವೆ ನಡೆದ ಹಾಗಿದೆ."

ನನ್ನ ಕೈಯಲ್ಲಿದ್ದ ಹಪ್ಪಳ ಅಲ್ಲೇ ಜಾರಿತು. ಎಷ್ಟು ಪುಸ್ತಕಗಳು, ಎಷ್ಟು ಮಾತುಗಳು! ಗಂಡು ಸಿಗುವುದು ಕಷ್ಟ ಎಂದು ನಾನು ಬುದ್ಧಿ ಹೇಳಿದ್ದು ಯಾರಿಗೆ! ಅದೆಲ್ಲ ಹಾಳಾಗಿ ಹೋಗಲಿ. ಕೊನೆಯಲ್ಲಿ ಬರೆದದ್ದು ನೆನಪಾಯಿತು. ಅದನ್ನು ಅವರು ಓದಿದರೆ ಫ್ರಿಜ್ಜು, ಬೆರಳು, ಉಸಿರು ಎಲ್ಲ ಸೇರಿಸಿ ಯಾರು ಬರೆದದ್ದೆಂದು ಪತ್ತೆ ಮಾಡಲು ಎಷ್ಟು ಹೊತ್ತು? ತಮ್ಮ ಮನೆಯ ಗುಟ್ಟನ್ನು ಸೊಸೆ ತವರಿಗೆ ಒಯ್ದಳೆಂದುಕೊಳ್ಳುತ್ತಾರೆ. ನಿಮ್ಮ ಅಮ್ಮ ಹತ್ತು ವರ್ಷ ಬಾಯಿ ಮುಚ್ಚಿಕೊಂಡು ಗಳಿಸಿದ್ದನ್ನು ನಾನು ಒಂದು ತುಂಡು ಪೆನ್ಸಿಲಿನಿಂದ ಕಳೆದಿದ್ದೆ.

ಸೋಮವಾರ ಲೈಬ್ರರಿ ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ನಿಂತಿದ್ದೆ.

"ಆ ಅತ್ತೆ ದೆವ್ವ ಎಲ್ಲಿದೆ?" ಎಂದೆ. ಆ ಮುದುಕರು ನನ್ನ ದನಿಯನ್ನು ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು.

"ಅದಾ? ಗುರುವಾರ ಬರೋ ಜೋರು ದನಿಯವರು ತಗೊಂಡು ಹೋದ್ರಲ್ಲ. ಪಾಪ, ಕನ್ನಡಕ ಮರೆತು ಬಂದಿದ್ರು. ಪುಟಾನೂ ತೆಗೆದು ನೋಡ್ಲಿಲ್ಲ. ಹೊಸದು ತಾನೇ, ಕೊಡಿ ಅಂದ್ರು."

ಕನ್ನಡಕ ಮರೆತಿದ್ದರು! ಹಾಗಾದರೆ ಲೈಬ್ರರಿಯಲ್ಲಂತೂ ಓದಿಲ್ಲ, ಮನೆಯಲ್ಲೂ ಇನ್ನೂ ಪುಟ ತೆಗೆದಿರಲಿಕ್ಕಿಲ್ಲ ಎಂಬ ಆಸೆ ಚಿಗುರಿತು. ಅಲ್ಲೇ ಪಕ್ಕದ ಅಂಗಡಿಯಲ್ಲಿ ಒಂದು ರಬ್ಬರ್ ಕೊಂಡೆ. ಮನೆಗೆ ಹೋಗಿ ನುಚ್ಚಿನುಂಡೆ ಬೇಯಿಸಿ ಡಬ್ಬಿಗೆ ತುಂಬಿದೆ. ಬೀಗರ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ, ಹೋಗಲು ನೆಪವೂ ಬೇಕು. ಆಟೋ ಹಿಡಿದು ಬಸವೇಶ್ವರನಗರಕ್ಕೆ ಹೊರಟೆ. ದಾರಿಯುದ್ದಕ್ಕೂ ರಬ್ಬರನ್ನು ಮುಷ್ಟಿಯಲ್ಲಿ ಹಿಡಿದಿದ್ದೆ.

ನೀವು ಸ್ಕೂಲಿಗೆ ಹೋಗಿದ್ದಿರಿ. ಬಾಗಿಲು ತೆಗೆದ ನಿಮ್ಮ ಅಮ್ಮ, "ಏನಮ್ಮಾ, ಫೋನೂ ಮಾಡ್ದೆ ಬಂದೆ? ಹುಷಾರಾಗಿದೀಯ ತಾನೇ?" ಎಂದಳು.

"ಅತ್ತೆ ಎಲ್ಲೇ?"

"ಹಿಂದುಗಡೆ ಗಿಡಕ್ಕೆ ನೀರು ಹಾಕ್ತಾ ಇದಾರೆ. ಕರೀಲಾ?"

"ಬೇಡ ಬೇಡ. ನೀನು ಈ ಉಂಡೆಗೆ ಒಂದು ಚಟ್ನಿ ಅರೆ. ನಾನು ಅವರ ರೂಮಲ್ಲಿ ಕೂತಿರ್ತೀನಿ, ಫ್ಯಾನ್ ಇದೆಯಲ್ಲ."

ಬೀಗಿತ್ತಿಯ ರೂಮಿನಲ್ಲಿ ಅವರಿಲ್ಲದಾಗ ಕಾಲಿಟ್ಟದ್ದು ಅದೇ ಮೊದಲು. ಎಲ್ಲಿಟ್ಟಿರಬಹುದು? ನಿಂತು ಯೋಚಿಸಿದೆ. ನಾನು ಅಕ್ಕಿಡಬ್ಬದಲ್ಲಿ ಇಡುವುದು ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲವೆಂದು. ಈ ಮನೆಯಲ್ಲಿ ಅವರ ಹೊರತು ಯಾರೂ ಮುಟ್ಟದ್ದು ಯಾವುದು? ಮಂಚದ ಕೆಳಗೆ ದಾರ ಕಟ್ಟಿದ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟುಗಳಿದ್ದವು. ಎರಡನೇ ಕಟ್ಟಿನ ಹೊಟ್ಟೆ ಸ್ವಲ್ಪ ಉಬ್ಬಿತ್ತು. ಬೆರಳು ತೂರಿಸಿ ಎಳೆದೆ. ಹುಡುಗಿ ಹಿಂದಕ್ಕೆ ತಿರುಗಿ ನೋಡುತ್ತಾ ಹೊರಗೆ ಬಂದಳು.

ನೆಲದ ಮೇಲೇ ಕೂತು ಹದಿನೈದನೇ ಪುಟ ತೆಗೆದು ರಬ್ಬರ್ ಒತ್ತಿದೆ. "ನಮ್ಮ" ಎಂಬುದು ಅಳಿಸಿತ್ತು, "ಬೀಗಿತ್ತಿ" ಇನ್ನೂ ಅಳಿಸಿರಲಿಲ್ಲ.

"ಅಳಿಸಬೇಡಿ ಬೀಗರೇ," ಎಂದಿತು ಬಾಗಿಲ ಕಡೆಯಿಂದ ಆ ದನಿ. "ಕೆಳಗೆ ನಾನು ಉತ್ತರ ಬರೆದಿದೀನಿ. ಅದನ್ನ ಓದಿ, ಆಮೇಲೆ ಅಳಿಸಿ."

ಅವರು ನೀರಿನ ಮಗ್ಗು ಹಿಡಿದು ನಿಂತಿದ್ದರು. ನಾನು ಕೂತಲ್ಲೇ ಕನ್ನಡಕ ಸರಿಮಾಡಿಕೊಂಡು ಓದಿದೆ. ನಕ್ಷತ್ರದ ಪಕ್ಕ ಹೀಗಿತ್ತು:

"ಬರುತ್ತೇನೆ, ಖಂಡಿತ. ನನ್ನ ಸೊಸೆ ಗ್ಯಾಸ್ ಆರಿಸುವುದನ್ನು ಮರೆಯುತ್ತಾಳೆ. ಆದರೆ ಅವಳು ಉಸಿರು ಬಿಗಿಹಿಡಿಯುತ್ತಾಳೆಂದು ನನಗೆ ಯಾರೂ ಹೇಳಿರಲಿಲ್ಲ. ಹುಡುಗಿ ಬಂಗಾರದಂಥವಳು."

"ನಿಮಗೆ ನಾನೇ ಅಂತ ಗೊತ್ತಿತ್ತಾ?" ಎಂದೆ, 'ಏನಂದ್ರಿ' ಎಂದು ಕೇಳಿಸಿಕೊಳ್ಳಬೇಕಾದಷ್ಟು ಮೆಲ್ಲಗೆ.

"ಅನುಮಾನ ಇತ್ತು. ಫ್ರಿಜ್ಜಿನ ಮೇಲೆ ಬೆರಳಾಡಿಸೋ ಹೆಂಗಸರು ಊರಲ್ಲಿ ಬೇಕಾದಷ್ಟು ಜನ ಇರ್ತಾರೆ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಈಗ ರಬ್ಬರ್ ನೋಡಿ ಖಾತ್ರಿ ಆಯ್ತು." ಅವರು ಬಾಗಿಲು ಅರ್ಧ ಮುಂದಕ್ಕೆ ಮಾಡಿ ಮಂಚದ ಮೇಲೆ ಕೂತರು. ಆಮೇಲೆ, "ಪರೀಕ್ಷೆ ಪಾಸು ಮಾಡು ಅಂತ ನಾನು ಬೈದಿದ್ದು ನಿಮಗಾ?"

"ಹೌದು."

"ನನಗೆ ಗಂಡು ಸಿಗೋದು ಕಷ್ಟ ಅಂತ ಬರೆದಿದ್ದು ನೀವಾ?"

"ತಪ್ಪಾಯ್ತು."

"ತಪ್ಪೇನು ಬಂತು, ನಮ್ಮಮ್ಮನೂ ಅದನ್ನೇ ಹೇಳ್ತಿದ್ರು," ಎಂದು ಅವರು ನಗಲು ಶುರುಮಾಡಿದರು. ಬೀದಿಯ ಆ ತುದಿಗೆ ಕೇಳುವ ದನಿಯವರು ಸದ್ದಿಲ್ಲದೆ ನಗುವುದನ್ನು ನೀವು ನೋಡಬೇಕಿತ್ತು, ಮಂಚವೇ ಅಲುಗುತ್ತಿತ್ತು. ಬಸವೇಶ್ವರನಗರ ಬಿಟ್ಟು ಅಷ್ಟು ದೂರ ಯಾಕೆ ಬರುತ್ತಿದ್ದಿರಿ ಎಂದು ಕೇಳಿದೆ. "ಇಲ್ಲಿ ಅರ್ಧ ಬಡಾವಣೆಗೆ ಮಗ್ಗಿ ಕಲಿಸಿದೀನಿ ಬೀಗರೇ. ಲವ್ ಕಥೆ ಹಿಡ್ಕೊಂಡು ಓಡಾಡೋಕಾಗುತ್ತಾ? ಎಲ್ಲರಿಗಿಂತ ಹೆಚ್ಚಾಗಿ ನಿಮಗೆ ಗೊತ್ತಾಗಬಾರದು ಅಂತಿದ್ದೆ. ನೀವು ಒಂದು ಮಾತೂ ಆಡದೆ ಕೂತಿರ್ತೀರಿ, ಮನಸ್ಸಲ್ಲಿ ನನಗೆ ಮಾರ್ಕ್ಸ್ ಹಾಕ್ತಾ ಇದೀರೇನೋ ಅನ್ನಿಸೋದು."

ಮಾರ್ಕ್ಸ್ ಹಾಕುವವಳು ನಾನು! ಇದನ್ನು ಕೇಳಿ ನನಗೂ ಧೈರ್ಯ ಬಂತು. ನೆಲದಿಂದೆದ್ದು ಮಂಚದ ಇನ್ನೊಂದು ತುದಿಯಲ್ಲಿ ಕೂತೆ. ಕಥೆ ಪೂರ್ತಿ ಓದಿದಿರಾ ಎಂದೆ. ಓದಿದೆ ಎಂದರು. ಅಲ್ಲಿಗೆ ಕೆಟ್ಟಿತು ನೋಡಿ.

ಕಥೆಯ ಕೊನೆಯಲ್ಲಿ ಆ ದೆವ್ವದ ಅತ್ತೆ ಬೀರುವಿನ ಕೀಲಿಕೈಯನ್ನು ಸೊಸೆಯ ದಿಂಬಿನ ಕೆಳಗಿಟ್ಟು ಹೊರಟುಹೋಗುತ್ತಾಳೆ. ನನಗೆ ಅದು ಬಹಳ ಸರಿ ಎನ್ನಿಸಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಬೀಗಿತ್ತಿಯವರಿಗೆ ಸುತಾರಾಂ ಒಪ್ಪಿಗೆಯಿಲ್ಲ.

"ಯಾಕೆ ಹೋಗ್ಬೇಕು? ಅವಳೇ ಕಟ್ಟಿದ ಮನೆ. ಸೊಸೆ ಕೈಗೆ ಬೀಗದಕೈ ಕೊಟ್ಟು ಎದ್ದು ಹೋಗೋಕಾಗುತ್ತಾ?"

"ಇದ್ದು ಏನು ಮಾಡ್ತಾಳೆ? ಮಗ ಸೊಸೆ ನಡುವೆ ಬಂದು ನಿಲ್ತಾಳೆ!"

"ನಿಲ್ಲಲಿ! ಆ ಹುಡುಗಿಗೆ ಮನೆ ನೋಡ್ಕೊಳ್ಳೋಕೆ ಬರುತ್ತಾ?"

"ಬರುತ್ತೆ, ನೀವು ಬಿಟ್ರೆ ಬರುತ್ತೆ! ಸತ್ತೋಳಿಗೆ ಅಧಿಕಾರ ಯಾಕ್ರೀ ಬೇಕು?"

ಮಕ್ಕಳೇ, ನಾನು ಹುಟ್ಟಿದ ಮೇಲೆ ಯಾರ ಮೇಲೂ ಅಷ್ಟು ಜೋರಾಗಿ ಕೂಗಿರಲಿಲ್ಲ. ಎಷ್ಟು ಚೆನ್ನಾಗಿತ್ತು ಅಂತೀರಿ! ಬಾಗಿಲು ದಡಾರನೆ ತೆರೆಯಿತು. ನಿಮ್ಮ ಅಮ್ಮ ಚಟ್ನಿಯ ಕೈಯಲ್ಲೇ ಓಡಿಬಂದಿದ್ದಳು. ಮುಖ ಬಿಳಿಚಿತ್ತು.

"ಅಮ್ಮಾ! ಏನಿದು? ಮೊದಲು ಅತ್ತೆ ಹತ್ರ ಕ್ಷಮೆ ಕೇಳು."

"ಯಾತಕ್ಕೇ?"

"ಯಾತಕ್ಕೋ ನನಗೆ ಗೊತ್ತಿಲ್ಲ, ಕೇಳು! ಅತ್ತೇ, ಅವಳು ಹಳ್ಳಿಯೋಳು, ತಿಳೀದೆ ಏನೋ ಅಂದಿರ್ತಾಳೆ, ನೀವು ಬೇಜಾರು ಮಾಡ್ಕೋಬೇಡಿ..."

ಬೀಗಿತ್ತಿಯವರು ಅವಳನ್ನೇ ನೋಡುತ್ತಿದ್ದರು. ಉಸಿರು ಬಿಗಿಹಿಡಿದು ನಿಲ್ಲುವುದು ಎಂದರೇನೆಂದು ಅವರು ಆಗ ತಾನೇ ಕಣ್ಣಾರೆ ಕಂಡರು ಎಂದು ನನ್ನ ಎಣಿಕೆ. ನಾನು ಪುಸ್ತಕವನ್ನು ಸೆರಗಿನೊಳಗೆ ಸೇರಿಸಲು ಹೋದೆ. ಅವರು ಕೈ ಚಾಚಿ ಕಿತ್ತುಕೊಂಡರು. ಕಿತ್ತುಕೊಂಡವರು ಹದಿನೈದನೇ ಪುಟ ತೆಗೆದು ಸೊಸೆಯ ಮುಂದೆ ಹಿಡಿದರು.

"ಓದು. ನಿಮ್ಮಮ್ಮ ಬರೆದಿದ್ದು ಮೇಲಿದೆ, ನಾನು ಬರೆದಿದ್ದು ಕೆಳಗಿದೆ. ಚಟ್ನಿ ಹತ್ತಿಸಬೇಡ, ಲೈಬ್ರರಿದು."

ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಓದಿದಳು. ಒಂದು ಸಲ ಓದಿ, ಮತ್ತೆ ಮೇಲಿನಿಂದ ಓದಿದಳು. ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಪುಸ್ತಕದ ಕವರನ್ನು ನೋಡಿದಳು. ನಾನು ದೇವರನ್ನು ನೆನೆಯುತ್ತಿದ್ದೆ.

"ಅತ್ತೇ, ಇದು ನಿಜಾನಾ?"

"ಯಾವುದು?"

"ಗ್ಯಾಸ್ ವಿಷಯ."

"ಗ್ಯಾಸ್ ನಿಜ. ಮೊನ್ನೆ ಮಂಗಳವಾರವೂ ಆರಿಸಿರಲಿಲ್ಲ."

"ಇನ್ನೊಂದು?"

ಬೀಗಿತ್ತಿಯವರು ಕಿಟಕಿಯ ಕಡೆ ತಿರುಗಿದರು. "ಅದೂ ನಿಜ. ಬರೆದಿದೀನಲ್ಲ, ಮತ್ತೆ ಬಾಯಿಬಿಟ್ಟು ಬೇರೆ ಹೇಳ್ಬೇಕಾ? ಹೋಗು, ಮೂರು ಲೋಟ ಕಾಫಿ ಇಡು."

ನಿಮ್ಮ ಅಮ್ಮ ಹೋಗಲಿಲ್ಲ. ಅಲ್ಲೇ ನಿಂತು ಮೊದಲ ಪುಟಕ್ಕೆ ತಿರುಗಿಸಿದಳು. ಓದುತ್ತಾ ಓದುತ್ತಾ, ತನಗೇ ಗೊತ್ತಿಲ್ಲದ ಹಾಗೆ ಮಂಚದ ಮೇಲೆ ನಮ್ಮಿಬ್ಬರ ನಡುವೆ ಕೂತಳು. ಕೂತವಳು ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು. ಕಾಲೂ ಮೇಲೆ ಬಂತು.

"ಅತ್ತೇ, ಕಾಫಿ ನೀವೇ ಇಟ್ಬಿಡಿ. ಅಮ್ಮ, ನೀನೂ ಹೋಗು. ಇಬ್ಬರೂ ಇಲ್ಲೇ ಕೂತು ಕೊನೇಲಿ ಏನಾಗುತ್ತೆ ಅಂತ ಜಗಳ ಆಡಿದ್ರೆ ನಾನು ಹೇಗೆ ಓದ್ಲಿ?"

ನಾನು ಬೀಗಿತ್ತಿಯ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಹೆಡ್‌ಮಿಸ್ಸನ್ನು ಅವರದೇ ರೂಮಿನಿಂದ ಆಚೆ ಕಳಿಸಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವರು ಎದ್ದರು, ನಾನೂ ಎದ್ದೆ. ಅಡಿಗೆಮನೆಯಲ್ಲಿ ಅವರು ಡಿಕಾಕ್ಷನ್ ಹುಡುಕಿದರು, ನಾನು ಲೋಟ ತೊಳೆದೆ. ಆ ಅತ್ತೆ ದೆವ್ವ ಹೋದದ್ದು ಸರಿಯೋ ತಪ್ಪೋ ಎಂಬ ಜಗಳವನ್ನು, ಒಳಗೆ ಓದುತ್ತಿರುವವಳಿಗೆ ಕೇಳಿಸದ ಹಾಗೆ, ಪಿಸುಮಾತಿನಲ್ಲಿ ಮುಂದುವರಿಸಿದೆವು.